ಉಂಡ ಮನೆಗೆ ಎರಡು ಬಗೆದವನಾ ಬ್ಲಾಂಕೊ ಎನ್ಕಲಾಡ?

ಮಂಡ್ಯದ ಮಾವ:
ನನ್ನ ಅಕ್ಕನ ಮಗಳು ಎನ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ನೌಕಾಪಡೆ ಸೇರಬೇಕು ಅಂತ ಆಸೆ. ಅವಳು ಇಲ್ಲಿಯವರೆಗೆ ಕಂಡ ದೊಡ್ಡ ನೀರು ಅಂದರೆ ಕನ್ನಂಬಾಡಿ. ಭಾನುವಾರ ಊಟಕ್ಕೆ ಕೂತಾಗ ಮನುವೆಲ್ ಬ್ಲಾಂಕೊ ಎನ್ಕಲಾಡನ ಕತೆ ಹೇಳಿದೆ. 1790ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದವನು. ಸ್ಪೇನ್‌ನಲ್ಲಿ ನೌಕಾ ವಿದ್ಯೆ ಕಲಿತು, ಕಾಡಿಸ್‌ನಲ್ಲಿ ಸ್ಪೇನ್ ಪರವಾಗಿ ಫ್ರೆಂಚರ ವಿರುದ್ಧ ಹೋರಾಡಿದ. ಆಮೇಲೆ ಆ ಪಡೆಯನ್ನು ಬಿಟ್ಟು, ಸ್ಪೇನ್‌ನ ಆಳ್ವಿಕೆಯ ವಿರುದ್ಧ ಎದ್ದಿದ್ದ ಚಿಲಿಯ ಸ್ವಾತಂತ್ರ್ಯ ಹೋರಾಟಗಾರರ ಜೊತೆ ಸೇರಿದ. 1818ರ ಅಕ್ಟೋಬರ್‌ನಲ್ಲಿ ಚಿಲಿಯ ತಾಲ್ಕಾವಾನೊ ಬಂದರಿನಲ್ಲಿ ಸ್ಪೇನ್‌ನದೇ ಯುದ್ಧ ಹಡಗು ಮರಿಯಾ ಇಸಾಬೆಲ್ ಅನ್ನು ಹಿಡಿದ.

ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಮಾವ, ಉಂಡ ಮನೆಗೆ ಎರಡು ಬಗೆದ ಹಾಗಾಯ್ತಲ್ವಾ?" ಅಂದಳು. ನಾಳೆ ತಾನೂ ಪ್ರಮಾಣ ಮಾಡಬೇಕಾದ ಹುಡುಗಿ. ಸುಮ್ನೆ ಏನೋ ಒಂದು ಹೇಳಿಬಿಡೋಕೆ ನನಗೆ ಮನಸ್ಸಾಗಲಿಲ್ಲ. ನೀವಾದರೆ ಏನು ಹೇಳುತ್ತಿದ್ದಿರಿ?

ಮದ್ದೂರಿನ ಟೀಚರ್:
ಅವನು ಉಂಡ ಮನೆ ಯಾವುದು ಅಂತ ಮೊದಲು ಕೇಳಿ ಸರ್. ತಂದೆ ಸ್ಪೇನ್‌ನಿಂದ ಬಂದ ನ್ಯಾಯಾಧೀಶ, ತಾಯಿ ಚಿಲಿಯವಳು. ಸ್ಪೇನ್‌ನ ಬೊಕ್ಕಸ ತುಂಬಿಸಿದ್ದು ಅದು ಆಳುತ್ತಿದ್ದ ಅಮೆರಿಕದ ನಾಡುಗಳ ಗಣಿಗಳ ಬೆಳ್ಳಿ. ಅವನ ತಟ್ಟೆಗೆ ಬಿದ್ದ ಅನ್ನ ಆ ನಾಡುಗಳಿಂದಲೇ ಹೋದದ್ದು. ಅವನು ಕಷ್ಟ ಕಾಣದವನೂ ಅಲ್ಲ. 1814ರಲ್ಲಿ ರಾಂಕಾಗುವಾದಲ್ಲಿ ಚಿಲಿಯವರು ಸೋತ ಮೇಲೆ ಸಿಕ್ಕಿಬಿದ್ದು, ಹುವಾನ್ ಫರ್ನಾಂಡಿಸ್ ದ್ವೀಪದಲ್ಲಿ 1817ರವರೆಗೆ ಸೆರೆಯಲ್ಲಿದ್ದ.

ಮೈಸೂರು, ನಿವೃತ್ತ ನಾವಿಕ:
ಟೀಚರಮ್ಮ, ಬೆಳ್ಳಿಯ ಲೆಕ್ಕ ಸರಿ. ಆದರೆ ಪ್ರಮಾಣವನ್ನು ಅಷ್ಟು ಹಗುರವಾಗಿ ದಾಟಬೇಡಿ. ನಾನು ನೌಕಾಪಡೆಯಲ್ಲಿ 15 ವರ್ಷ ಸಿಗ್ನಲ್ ವಿಭಾಗದಲ್ಲಿದ್ದೆ. ಈ ಕತೆಯಲ್ಲಿ ನನಗೆ ಜಾಸ್ತಿ ಚುಚ್ಚುವುದು ಬ್ಲಾಂಕೊ ಅಲ್ಲ. ಮರಿಯಾ ಇಸಾಬೆಲ್ ಜೊತೆ ಸ್ಪೇನ್‌ನಿಂದ ಹೊರಟ ಟ್ರಿನಿಡಾಡ್ ಹಡಗಿನಲ್ಲಿ ದಂಗೆ ಆಯಿತು. ದಂಗೆ ಎದ್ದವರು ಸ್ಪೇನ್ ವಿರೋಧಿಗಳ ಕೈಯಲ್ಲಿದ್ದ ಬ್ಯೂನಸ್ ಐರಿಸ್‌ಗೆ ಹೋಗಿ ಸ್ಪೇನ್ ಹಡಗುಗಳ ಗುಪ್ತ ಸಂಕೇತಗಳನ್ನೇ ಕೊಟ್ಟುಬಿಟ್ಟರು. ಬ್ಲಾಂಕೊಗೆ ಅದರಿಂದ ಬಹಳ ಅನುಕೂಲವಾಯಿತು. ತನ್ನ ಜೊತೆಯವರ ಸಂಕೇತ ಕೊಡುವುದು ಅಂದರೆ ಏನು ಅಂತ ಸಿಗ್ನಲ್‌ನವನಿಗೆ ಗೊತ್ತು.

ಹಾಗಂತ ನಾನು ಅವರನ್ನು ಬೈಯಲಾರೆ. 1946ರ ಫೆಬ್ರವರಿ 18ರಂದು ಮುಂಬೈನಲ್ಲಿ ಬ್ರಿಟಿಷರ ಕೆಳಗಿದ್ದ ಭಾರತೀಯ ನಾವಿಕರ ಮುಷ್ಕರ ಶುರುವಾದದ್ದೂ ತಲ್ವಾರ್ ಎಂಬ ಸಿಗ್ನಲ್ ಶಾಲೆಯಲ್ಲೇ. ಕೆಟ್ಟ ಊಟ, ಬಿಳಿಯ ಅಧಿಕಾರಿಗಳ ಬೈಗುಳ. ಕೆಲವೇ ದಿನಗಳಲ್ಲಿ 78 ಹಡಗುಗಳಿಗೆ ಹಬ್ಬಿತು. 23ರಂದು ಶರಣಾದರು. ಎಷ್ಟೋ ಜನ ಕೆಲಸ ಕಳೆದುಕೊಂಡರು. 1947 ಬಂದ ಮೇಲೂ ಅವರನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಮಗುವಿಗೆ ಇದನ್ನು ಹೇಳಿ. ಪಕ್ಷ ಬಿಟ್ಟವನು ಆಮೇಲೆ ತನಗಾಗಿ ಏನು ತಗೊಂಡ ಅಂತ ನೋಡಬೇಕು. ಹಡಗು ಹಿಡಿದ ಸ್ವಲ್ಪ ದಿನಕ್ಕೇ ಬ್ರಿಟನ್‌ನಿಂದ ಕಾಕ್ರೇನ್ ಎಂಬ ಅನುಭವಿ ನೌಕಾ ಅಧಿಕಾರಿ ಬಂದ. ಬ್ಲಾಂಕೊಗೆ ಆಗ 28 ವರ್ಷ. ಗೆದ್ದ ಕೈಯಲ್ಲೇ ಪಡೆಯ ನಾಯಕತ್ವವನ್ನು ಕಾಕ್ರೇನ್‌ಗೆ ಬಿಟ್ಟುಕೊಟ್ಟು, ಅವನ ಕೆಳಗೆ ದುಡಿದ.

ಮಂಡ್ಯದ ಮಾವ:
ಯಜಮಾನರೇ, ನಿಮ್ಮ ಉತ್ತರವನ್ನು ಅವಳಿಗೆ ಓದಿ ಹೇಳಿದೆ. ಬ್ಲಾಂಕೊ ವಿಷಯಕ್ಕೆ ತಲೆ ಆಡಿಸಿದಳು. ಟ್ರಿನಿಡಾಡ್‌ನವರನ್ನು ಮಾತ್ರ ಇನ್ನೂ ಒಪ್ಪಿಲ್ಲ. ತಲ್ವಾರ್ ಹುಡುಗರ ಬಗ್ಗೆ ನಿಮ್ಮನ್ನೇ ಕೇಳಬೇಕಂತೆ. ಒಂದು ಭಾನುವಾರ ಅವಳನ್ನು ಮೈಸೂರಿಗೆ ಕರೆದುಕೊಂಡು ಬರಬಹುದಾ?