ಪದಚರ್ಚೆ: ಟ್ರಾಮ್ ಗಾಲಿಯ ಫ್ಲ್ಯಾಂಜ್‌ಗೆ ಏನಂತಾರೆ?

ಗೆಳೆಯರೇ,

ಐರ್ಲೆಂಡಿನ ಕಾರ್ಕ್ ನಗರದ ಹಳೇ ಟ್ರಾಮ್‌ಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಅರ್ಧ ಅಂಗುಲದ ವಿಚಾರಕ್ಕೆ ಬಂದು, ಫ್ಲ್ಯಾಂಜ್ ಅನ್ನುವ ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಫ್ಲ್ಯಾಂಜ್ ಅಂದರೆ ಗಾಲಿ ಹಳಿಯಿಂದ ಜಾರದ ಹಾಗೆ ಅದರ ಒಳಬದಿಯ ಸುತ್ತಲೂ ಚಾಚಿಕೊಂಡಿರುವ ಅಂಚು.

ಅಲ್ಲಿ ಮೊದಲು ಬಂದದ್ದು ಕುದುರೆ ಟ್ರಾಮ್, 1872ರಲ್ಲಿ. ಊರಿನ ರೈಲು ನಿಲ್ದಾಣಗಳನ್ನು ಜೋಡಿಸುವ ದಾರಿ. ಹಳಿಗಳ ಅಂತರ 5 ಅಡಿ 3 ಅಂಗುಲ, ಐರ್ಲೆಂಡಿನ ರೈಲಿನದೇ ಅಳತೆ. 1875ಕ್ಕೇ ಅದು ನಿಂತುಹೋಯಿತು. ಕರೆಂಟಿನ ಟ್ರಾಮ್ ಬಂದದ್ದು 1898ರ ಡಿಸೆಂಬರ್ 22ಕ್ಕೆ. ಪ್ಯಾಟ್ರಿಕ್ ಬೀದಿಯ ಫಾದರ್ ಮ್ಯಾಥ್ಯೂ ಪ್ರತಿಮೆಯೇ ಎಲ್ಲ ಟ್ರಾಮ್‌ಗಳ ಕೂಡುದಾಣ. ಓಡಿಸಿದ ಕಂಪನಿ ಊರಿನ ದೀಪಗಳಿಗೂ ಕರೆಂಟು ಮಾರುತ್ತಿತ್ತು. ಒಳ್ಳೇ ವ್ಯಾಪಾರ, ಅಲ್ವಾ?

ಈ ಹೊಸ ಹಳಿಗಳ ಅಂತರ 2 ಅಡಿ 11½ ಅಂಗುಲ. ಸರಿಯಾಗಿ 3 ಅಡಿ ಯಾಕಿಲ್ಲ? ಪಕ್ಕದಲ್ಲೇ ಕಾರ್ಕ್–ಮಸ್ಕೆರಿ ಲೈಟ್ ರೈಲ್ವೆ ಇತ್ತು, ಅದು 3 ಅಡಿಯದು. ಅದರ ಬೋಗಿಗಳು ಬೇಕಾದರೆ ಟ್ರಾಮ್ ದಾರಿಯಲ್ಲೂ ಹೋಗಲಿ ಅನ್ನುವುದು ಲೆಕ್ಕ. ಟ್ರಾಮ್ ಹಳಿ ರಸ್ತೆಯ ಮಟ್ಟಕ್ಕೇ ಹೂತಿರುತ್ತದೆ, ಅದರಲ್ಲೊಂದು ಸೀಳು. ರೈಲು ಗಾಲಿಯ ಒಳಬದಿಗೆ ಚಾಚಿಕೊಂಡ ಫ್ಲ್ಯಾಂಜ್ ಆ ಸೀಳಿನೊಳಗೆ ಇಳಿದು, ಅದರ ತಳದ ಮೇಲೇ ಉರುಳಬೇಕು. ಅದು ಹೊಂದಲಿ ಅಂತ ಅರ್ಧ ಅಂಗುಲ ಕಡಿಮೆ ಮಾಡಿದರು.

ಈಗ ಪದಗಳ ಮಾತು. 'ಗೇಜ್' ಹಾಗೇ ಇರಲಿ. ಮೀಟರ್ ಗೇಜ್, ಬ್ರಾಡ್ ಗೇಜ್ ಅಂತ ಎಲ್ಲರೂ ಅನ್ನುತ್ತಾರೆ, ಅದಕ್ಕೆ ಬದಲಿ ಹುಡುಕುವುದು ಸುಮ್ನೆ ಕಸರತ್ತು. ಹಳಿಯ ಸೀಳಿಗೆ 'ತೋಡು' ಅಂತ ಬರೆದಿದ್ದೇನೆ. 'ಜಾಡು' ಕಿವಿಗೆ ಚೆನ್ನಾಗಿದೆ, ಆದರೆ ಅದು ಗಾಡಿ ಓಡಾಡಿ ತಾನಾಗಿ ಬಿದ್ದದ್ದು. ಇದು ಬೇಕಂತಲೇ ಮಾಡಿದ್ದು. ಟ್ರಾಮ್ ನೆತ್ತಿಯ ಕೋಲಿನ ತುದಿಯಲ್ಲಿ, ಮೇಲಿನ ತಂತಿಗೆ ಒತ್ತಿಕೊಂಡು ಉರುಳುವ ಪುಟ್ಟ ಗಾಲಿಗೆ 'ರಾಟೆ' ಅಂದಿದ್ದೇನೆ. ಬಾವಿಯ ರಾಟೆಗೆ ಹಗ್ಗ ಕೂರುವ ಹಾಗೆಯೇ ಅದಕ್ಕೆ ತಂತಿ ಕೂರುತ್ತದೆ.

ಉಳಿದದ್ದು ಫ್ಲ್ಯಾಂಜ್. 'ಅಂಚು' ಅಂದರೆ ಗಾಲಿಯ ಯಾವ ಅಂಚಾದರೂ ಆಗಬಹುದು. 'ಏಣು' ಪರವಾಗಿಲ್ಲ, ಆದರೆ ಚಾಚಿಕೊಂಡಿರುವುದು ಅದರಲ್ಲಿ ಕಾಣುವುದಿಲ್ಲ. 'ಒಳಗಂಚು' ಅಂತ ಕಟ್ಟಿ ನೋಡಿದೆ, ಓದುವಾಗ 'ಗಂಟು' ಅನ್ನಿಸುತ್ತದೆ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದೀರಾ? ಫಿಟ್ಟರ್‌ಗಳು ತಮ್ಮತಮ್ಮಲ್ಲಿ ಇದಕ್ಕೆ ಏನನ್ನುತ್ತಾರೆ? ಕಮ್ಮಾರರ ಬಾಯಲ್ಲಿ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.