ಹೆಂಚಿನ ಮನೆಗೆ ಹೊಸ ರೂಮು: ಅತ್ತಿಗೆ ಕೇಳಿದ್ದಕ್ಕೆ ಉತ್ತರ

ಅತ್ತಿಗೆ, ನಿಮ್ಮ ಮೆಸೇಜ್ ಕೇಳಿಸ್ಕೊಂಡೆ. ಮೂಡಿಗೆರೆ ಮನೆಗೆ 12 ಅಡಿ ಅಗಲದ ಒಂದು ರೂಮು, ಜೊತೆಗೆ ಬಾತ್‌ರೂಮು ಬೇಕು. ಮೇಸ್ತ್ರಿ ಹಿಂದ್ಗಡೆ ಸೂರಿನ ಕೆಳಗೆ ಆರ್‌ಸಿಸಿ ತಾರಸಿ ಹಾಕಿ ಮುಗಿಸೋಣ ಅಂತಾರೆ, ಹೆಂಚಿನ ಮನೆಗೆ ಒಪ್ಪುತ್ತಾ ಅಂತ ತಾನೇ ಕೇಳಿದ್ದು? ಒಪ್ಪಲ್ಲ. ನೋಡೋಕೆ ಹೆಂಗಿರುತ್ತೆ ಅನ್ನೋದು ಆಮೇಲಿನ ಮಾತು. ಮಾಡಿನ, ಅಂದ್ರೆ ಹೆಂಚಿನ ಛಾವಣಿಯ, ನೀರೆಲ್ಲ ತಾರಸಿಗೆ ಸುರಿದು, ಹಳೇ ಗೋಡೆ ಸೇರೋ ಕಡೆ ನಿಂತು, ಜುಲೈ ಹೊತ್ತಿಗೆ ಒಳಗೆ ಇಳಿಯುತ್ತೆ.

ಹಾಗಂತ ಈಗಿರೋ ಮಾಡನ್ನೇ ಹಿಂದಕ್ಕೆ ಎಳೆಯೋಕೂ ಆಗಲ್ಲ. ಮೊದಲು ಇಳಿಜಾರು ಅಳೆಯಿರಿ: ಪಕಾಸಿಗೆ (ನೆತ್ತಿಯಿಂದ ಸೂರಿಗೆ ಇಳಿಯೋ ಮರ) ರಸಮಟ್ಟ ಅಡ್ಡಕ್ಕೆ ಮಟ್ಟಸವಾಗಿ ಹಿಡಿದು 1 ಅಡಿ ಆಚೆ ಹೋದ್ರೆ ಎಷ್ಟು ಇಂಚು ಇಳಿಯುತ್ತೆ ನೋಡಿ. 7 ಇಂಚು ಬಂದ್ರೆ 30 ಡಿಗ್ರಿ. ಸೂರು 9 ಅಡಿ ಎತ್ತರದಲ್ಲಿದೆ ಅಂದ್ಕೊಳ್ಳಿ, 12 ಅಡಿ ಎಳೆದ್ರೆ 7 ಅಡಿ ಇಳಿದು ಕೊನೇಲಿ ಉಳಿಯೋದು 2 ಅಡಿ. ಆಗ ಮೇಸ್ತ್ರಿಗಳು ಇಳಿಜಾರು ಕಡಿಮೆ ಮಾಡ್ತಾರೆ, ಗಾಳಿ ಮಳೆ ನೀರನ್ನ ಹೆಂಚಿನ ಸಂದಿಯೊಳಗೆ ಹಿಂದಕ್ಕೆ ನೂಕುತ್ತೆ. ಮಳೆ ಕಡಿಮೆ ಇರೋ ಅರಸೀಕೆರೆ ಕಡೆ ಹೇಗೋ ನಡೆದುಹೋಗ್ಬಹುದು, ನಮ್ಮಲ್ಲಿ ಬೇಡ.

ಮಾಡು ತ್ರಿಕೋನವಾಗಿ ಮುಗಿಯುತ್ತಲ್ಲ, ಆ ಪಕ್ಕದ ಗೋಡೆ ಕಡೆಗೆ ಬೆಳೆಸಿ. ಹೊಸ ಭಾಗವನ್ನ ಮುಂದೆ ಹಿಂದೆ ಎರಡೂ ಕಡೆ 1 ಅಡಿ ಒಳಕ್ಕೆ ತಗೊಳ್ಳಿ, ಸೂರು ಅದೇ ಮಟ್ಟ, ಇಳಿಜಾರು ಅದೇ. ನೆತ್ತಿ ತಾನಾಗೇ 7 ಇಂಚು ತಗ್ಗುತ್ತೆ. ಹೊಸ ಹೆಂಚು ಹಳೇ ಮಾಡಿನ ಪಕ್ಕದ ಚಾಚಿನ ಕೆಳಗೆ ಸೇರಿಕೊಳ್ಳುತ್ತೆ, ಹಳೇದು ಹೊಸದರ ಬಣ್ಣದ ವ್ಯತ್ಯಾಸ ಆ ನೆರಳಲ್ಲಿ ಕಾಣಲ್ಲ. ಒಂದೇ ಗೆರೆಗೆ ಕಟ್ಟಿದ್ರೆ ಅರ್ಧ ಇಂಚು ತಪ್ಪಿದ್ರೂ ರಸ್ತೆಯಿಂದಲೇ ಕಾಣುತ್ತೆ. ಮನೆ ಹೊರಗಿಂದ ಹೊರಗೆ 20 ಅಡಿ ಇದ್ರೆ ಹೊಸದು 18 ಅಡಿ. ಗೋಡೆ ಕಳೆದು 12 ಅಡಿ ರೂಮು, ನಾಲ್ಕೂವರೆ ಅಡಿ ಬಾತ್‌ರೂಮು ಬರುತ್ತೆ.

ಎಲ್ಲ ಕೆಡೋದು ಕೂಡೋ ಜಾಗದಲ್ಲೇ. ಹಳೇ ಗೋಡೆ ಕೂತು ಎಷ್ಟೋ ವರ್ಷ ಆಯ್ತು, ಹೊಸದು ಇನ್ನು ಕೂರ್ಬೇಕು. ಕಲ್ಲು ಕಚ್ಚಿಸಿ ಕಟ್ಟಿದ್ರೆ ಬಿರುಕು ಗ್ಯಾರಂಟಿ. 1 ಇಂಚು ಸಂದಿ ಬಿಡಿಸಿ, ಥರ್ಮೋಕೋಲ್ ತುಂಬಿ, ಹೊರಗಡೆ ರಬ್ಬರಿನ ಥರ ಹಿಗ್ಗೋ ಪಿಯು (ಪಾಲಿಯುರೆಥೇನ್) ಸೀಲೆಂಟ್, ಒಳಗಡೆ ಮರದ ಪಟ್ಟಿ. ಪಟ್ಟಿ ಒಂದೇ ಗೋಡೆಗೆ ಮೊಳೆ ಹೊಡೀಲಿ, ಎರಡಕ್ಕೂ ಹೊಡೆದ್ರೆ ಸೀಳುತ್ತೆ. ಹೊಸ ತೊಲೆಯನ್ನ ಹಳೇ ಗೋಡೆ ಮೇಲೆ ಕೂರಿಸ್ಬೇಡಿ, ಪಕ್ಕದಲ್ಲೇ ಎರಡು ಕಂಬ ನಿಲ್ಲಿಸಿ ಅದರ ಮೇಲೆ ಕಬ್ಬಿಣದ ತ್ರಿಕೋನ ಫ್ರೇಮ್. ಪಾಯ ಹಳೇ ಪಾಯಕ್ಕಿಂತ ಆಳ ಹೋಗ್ಬಾರ್ದು, ಆ ಬದೀಲಿ ಒಂದೇ ಸಲ ಅಗೀಬಾರ್ದು. 4 ಅಡಿ ಅಗೆದು, ಕಟ್ಟಿ, ಆಮೇಲೆ ಮುಂದಿನ 4 ಅಡಿ. ಒಳಗಿನ ಬಾಗಿಲಿಗೆ ಹೊಸದಾಗಿ ಗೋಡೆ ಒಡೆಯೋ ಬದಲು ಆ ಗೋಡೆ ಕಿಟಕಿಯ ಕೆಳಭಾಗ ಇಳಿಸಿ, ಮೇಲೆ ಲಿಂಟಲ್ ಹೇಗೂ ಇದೆ.

ಮಾಡು ಮತ್ತು ಗೋಡೆ ಸೇರೋ ಉದ್ದಕ್ಕೂ ಅಲ್ಯೂಮಿನಿಯಂ ತಗಡು ಬೇಕೇ ಬೇಕು: 6 ಇಂಚು ಹೆಂಚಿನ ಕೆಳಗೆ, 6 ಇಂಚು ಗೋಡೆ ಮೇಲೆ. ಹೆಂಚಿನ ಕೆಳಗಿನ ಅಂಚು ಅರ್ಧ ಇಂಚು ಮೇಲಕ್ಕೆ ಮಡಚಿರ್ಲಿ, ಗೋಡೆ ಕಡೆಯ ಅಂಚು, ಗೋಡೇಲಿ 1 ಇಂಚು ಆಳದ ಸೀಳು ಹೊಡೆದು ಅದರೊಳಗೆ ಹೋಗ್ಲಿ. ಬರೀ ಸಿಮೆಂಟ್ ಮೆತ್ತಿದ್ರೆ ಮೊದಲ ಬೇಸಿಗೇಲೇ ಬಿಡುತ್ತೆ.

ಹೆಂಚು ಲೆಕ್ಕ: ರೂಮು 14 ಅಡಿ ಉದ್ದ, ಸೂರಿನ ಚಾಚು ಎರಡೂವರೆ ಅಡಿ ಇಟ್ರೆ ಮಾಡು ಸುಮಾರು 425 ಚದರಡಿ. ಚದರಡಿಗೆ ಹತ್ತಿರಹತ್ತಿರ ಒಂದೂವರೆ ಹೆಂಚು, ಒಡೆಯೋದಕ್ಕೂ ಸೇರಿ 680 ತರಿಸಿ. ಒಂದು ಕಾರ್ಖಾನೆ ಹೆಂಚಿನ ತೋಡು (ಹೆಂಚು ಹೆಂಚಿಗೆ ಕಚ್ಚಿಕೊಳ್ಳೋ ಗೀರು) ಇನ್ನೊಂದಕ್ಕೆ ಕೂರಲ್ಲ. ಅದಕ್ಕೇ ಹಳೇ ಹೆಂಚು ಮಿಕ್ಕಿದ್ರೆ ರಸ್ತೆಗೆ ಕಾಣೋ ಇಳಿಜಾರಿಗೆ ಹಾಕಿ, ಹೊಸದು ಹಿಂದಕ್ಕೆ. ರೀಪಿನ (ಹೆಂಚು ಕೂರೋ ಅಡ್ಡ ಪಟ್ಟಿ) ಅಂತರ ಬಾಯಲ್ಲಿ ಹೇಳೋದು ಹನ್ನೆರಡೂವರೆ ಇಂಚು, ಆದ್ರೆ ನಂಬ್ಬೇಡಿ. 10 ಹೆಂಚು ನೆಲದ ಮೇಲೆ ಜೋಡಿಸಿ, ಒಂದರ ಹಿಂದೆ ಒಂದು ಬಿಗಿಯಾಗಿ ಒಮ್ಮೆ, ಸಡಿಲವಾಗಿ ಒಮ್ಮೆ ಅಳೆದು, ನಡುವಿನ ಅಳತೆ ಹಿಡೀರಿ.

ಮುಂಭಾಗಕ್ಕೆ ಅಗಲದ ಸ್ಲೈಡಿಂಗ್ ಕಿಟಕಿ ಮಾತ್ರ ಬೇಡ ಅತ್ತಿಗೆ, ಇಡೀ ಮನೆ ಅಂಗಡಿ ಥರ ಕಾಣುತ್ತೆ. ಹಳೇ ಕಿಟಕಿಯ ಲಿಂಟಲ್ ಮಟ್ಟ, ಅದೇ ಅಗಲ, ನೆಟ್ಟಗೆ ಸರಳು. ಹಳೇ ಗೋಡೆ ಮಣ್ಣಿಂದಾದ್ರೆ ಹೊಸದಕ್ಕೆ ಹೊಂದ್ಲಿ ಅಂತ ಅದರ ಮೇಲೆ ಸಿಮೆಂಟ್ ಗಾರೆ ಬಳಿಯೋಕೆ ಬಿಡ್ಬೇಡಿ. ಒಳಗಿನ ತೇವ ಹೊರಗೆ ಬರೋಕಾಗದೆ ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತೆ, ಅಲ್ಲಿ ಸುಣ್ಣವೇ ಇರ್ಲಿ. ಬಾತ್‌ರೂಮಿನ ಗಾಳಿ ಪೈಪು ಹಿಂದಿನ ಗೋಡೆ ಮೇಲೆ ಹೋಗ್ಲಿ, ಹೆಂಚು ತೂತು ಮಾಡ್ಬೇಡಿ.

ಸಮಯ ಅಂದ್ರೆ, ಪಂಚಾಯ್ತಿ ಅನುಮತಿ ಈಗಲೇ ಹಾಕಿ. ಮಳೆ ನಿಂತ ಮೇಲೆ ಪಾಯ, ಮಾರ್ಚ್ ಒಳಗೆ ಗೋಡೆ, ಕಾಫಿ ಹೂ ಬಿಡಿಸೋ ಹೂಮಳೆಗೆ ತಾಡಪಾಲು ಸಿದ್ಧ ಇಟ್ಕೊಳ್ಳಿ, ಏಪ್ರಿಲ್ ಕೊನೆಗೆ ಹೆಂಚು. ಕಾಫಿ ಕುಯ್ಲಲ್ಲಿ ಆಳು ಸಿಗೋದು ಕಷ್ಟ, ಅದನ್ನ ಮೇಸ್ತ್ರಿ ಹತ್ರ ಮೊದಲೇ ಮಾತಾಡ್ಕೊಳ್ಳಿ. ಇಳಿಜಾರಿನ ಇಂಚು, ಸೂರಿನ ಎತ್ತರ, ಪಕ್ಕದ ಗೋಡೆ ಅಗಲ, ಈ ಮೂರು ಅಳತೆ ಗ್ರೂಪಿಗೆ ಹಾಕಿ, ಹೆಂಚಿನ ಲೆಕ್ಕ ಸರಿಮಾಡಿ ಕಳಿಸ್ತೀನಿ.