3000 × 4500 ಪಿಕ್ಸೆಲ್ ಚಿತ್ರ 24 × 36 ಇಂಚಿಗೆ ಹಿಗ್ಗುತ್ತಾ?

ಪ್ರಶ್ನೆ: ಚಿತ್ರಸಂತೆಗೆ ಕ್ಯಾನ್ವಾಸ್ ಪ್ರಿಂಟ್ ಹಾಕಿಸಬೇಕು. ಫೋಟೋಶಾಪ್‌ನಲ್ಲಿ ರೆಸಲ್ಯೂಶನ್ 72 ಇದ್ದದ್ದನ್ನು 300 ಮಾಡಿದೆ, ಪಿಕ್ಸೆಲ್ ಮಾತ್ರ ಇದ್ದಷ್ಟೇ ಇವೆ. ಎಲ್ಲಿ ತಪ್ಪಿದೆ?

ಉತ್ತರ 1: ‘ರೀಸ್ಯಾಂಪಲ್’ (ಪಿಕ್ಸೆಲ್ ಸಂಖ್ಯೆಯನ್ನೇ ಬದಲಿಸುವ ಆಯ್ಕೆ) ಟಿಕ್ ತೆಗೆದಿದ್ದೀರಿ ಸರ್, ಹಾಗಾಗಿ ಇಂಚಿನ ಲೆಕ್ಕ ಮಾತ್ರ ಬದಲಾಗಿದೆ. 24 ಇಂಚು ಅಗಲಕ್ಕೆ ನಿಮ್ಮ ಫೈಲು 125 ಪಿಪಿಐ (ಒಂದು ಇಂಚಿಗೆ ಇಷ್ಟು ಪಿಕ್ಸೆಲ್). 300ರ ಹಟ ಬೇಡ, ಗೋಡೆಗೆ ಹಾಕುವ ಕ್ಯಾನ್ವಾಸಿಗೆ 200 ಧಾರಾಳವಾಯಿತು. ಲೇಯರ್ ಇರುವ ಮೂಲ ಫೈಲಿನಿಂದಲೇ ಟಿಫ್ (ಗುಣಮಟ್ಟ ಕೆಡದಂತೆ ಉಳಿಸುವ ಫೈಲ್ ಬಗೆ) ತೆಗೆಯಿರಿ. ವಾಟ್ಸಾಪ್‌ನಲ್ಲಿ ಓಡಾಡಿದ ಜೆಪೆಗ್ ಖಂಡಿತ ಬೇಡ, ಅದರ ಚೌಕಚೌಕ ಕಲೆಗಳೂ ಜೊತೆಗೇ ದೊಡ್ಡದಾಗುತ್ತವೆ. ರೀಸ್ಯಾಂಪಲ್ ಟಿಕ್ ಹಾಕಿ, ಹಿಗ್ಗಿಸುವ ವಿಧಾನಗಳಲ್ಲಿ ‘ಪ್ರಿಸರ್ವ್ ಡೀಟೇಲ್ಸ್ 2.0’ ಆರಿಸಿ, 200 ಪಿಪಿಐ ಲೆಕ್ಕದಲ್ಲಿ 4800 × 7200 ಕೊಡಿ. ಶಾರ್ಪನ್ (ಅಂಚುಗಳನ್ನು ಚೂಪು ಮಾಡುವುದು) ಕೊನೆಗೆ. ಮೊದಲೇ ಮಾಡಿದರೆ ಅಂಚಿನ ಸುತ್ತ ಏಳುವ ಬಿಳಿ ಗೆರೆಯೂ ಹಿಗ್ಗುತ್ತದೆ.

ಉತ್ತರ 2: ಚಿತ್ರದಲ್ಲಿ ಅಕ್ಷರ ಇದ್ದರೆ ಹಿಗ್ಗಿಸಿದ ಮೇಲೆ ಹೊಸದಾಗಿ ಟೈಪ್ ಮಾಡಿ. ಫ್ರೇಮಿಗೆ ಮಡಚಲು ನಾಲ್ಕೂ ಕಡೆ 2 ಇಂಚು ಬೇಕು, ಅಂದರೆ ಒಟ್ಟು 28 × 40. ಇದನ್ನು ಮರೆತರೆ ಸಹಿ ಮಡಿಕೆಯೊಳಗೆ ಹೋಗುತ್ತದೆ.

ಉತ್ತರ 3: ಹಿಗ್ಗಿಸಿದ ಫೈಲಿನಿಂದ ಕಣ್ಣು, ಮುಖದಂಥ ಸೂಕ್ಷ್ಮ ಭಾಗವನ್ನು 1600 × 2200 ಕತ್ತರಿಸಿ, ಅದೇ ಕ್ಯಾನ್ವಾಸಿನ ಮೇಲೆ ಎ4 ಅಳತೆಯ ಸ್ಯಾಂಪಲ್ ತೆಗೆಸಿ. ಸಂತೆಯಲ್ಲಿ ಜನ ನೋಡುವಷ್ಟು ದೂರದಿಂದ, ಹಗಲು ಬೆಳಕಿನಲ್ಲಿ ನೋಡಿ. ಅಂಗಡಿಯವರು ಕೇಳದೆ ಫೈಲನ್ನು ಸಿಎಂವೈಕೆಗೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ ಪದ್ಧತಿ) ಬದಲಿಸಬೇಡಿ, ಗಾಢ ನೀಲಿ, ಹಸಿರು ಮಂಕಾಗುತ್ತವೆ.